ಮಾನಪತ್ರ ಮುಗಿಯುವವರೆಗೆ ಸುಂಟರಗಾಳಿ ಕಾಯಲಿ

ನನಗೆ ಜೀವಮಾನದಲ್ಲಿ ಆಗಿರುವುದು ಒಂದೇ ಒಂದು ಸನ್ಮಾನ. ಅದರ ಅರ್ಧ ವೇದಿಕೆಯ ಮೇಲೆ ಆಯಿತು, ಉಳಿದರ್ಧ ಲೇಡೀಸ್ ಟಾಯ್ಲೆಟ್‌ನಲ್ಲಿ.

ನಗಬೇಡಿ. ಅಥವಾ ನಗಿ, ಪರವಾಗಿಲ್ಲ. ಕಳೆದ ಶನಿವಾರದಿಂದ ಐರ್ಲೆಂಡಿನ ಈ ಬ್ಯಾಲಿನ್‌ಕೊಲಿಗ್‌ನ ಕನ್ನಡಿಗರೆಲ್ಲ ನಗುತ್ತಿದ್ದಾರೆ. ನನಗೊಬ್ಬಳಿಗೇ ನಗು ಬರುತ್ತಿಲ್ಲ. ಯಾಕೆ ಅಂತ ಮೊದಲಿನಿಂದ ಹೇಳುತ್ತೇನೆ.

ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ನವೆಂಬರ್ ಒಂದಕ್ಕೆ ಹಾಲ್ ಸಿಗಲಿಲ್ಲ, ಹಾಗಾಗಿ ತಿಂಗಳ ಕೊನೆಗೆ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಇಟ್ಟುಕೊಂಡೆವು. (ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ಯುಗಾದಿಗೂ ಅವರೇ ಹಾಲ್ ಕೊಡಬೇಕು.) ಅಲ್ಲಿ ನಮಗೆ ಎರಡು ಹಾಲ್ ತೋರಿಸಿದ್ದರು. ಒಂದು ಹಳೆಯದು, ದಪ್ಪ ಕಲ್ಲಿನ ಗೋಡೆ, ಚಿಕ್ಕಚಿಕ್ಕ ಕಿಟಕಿ. ಇನ್ನೊಂದು ಹೊಸದು, ಮೂರು ಕಡೆ ನೆಲದಿಂದ ಚಾವಣಿಯವರೆಗೆ ಬರೀ ಗಾಜು. ನಮ್ಮ ಕಮಿಟಿ ಯಾವುದನ್ನು ಆರಿಸಿತು? ಹಳೆಯ ಹಾಲ್‌ನಲ್ಲಿ ಫೋಟೋ ಕತ್ತಲೆ ಬರುತ್ತದಂತೆ.

ಬೆಳಗ್ಗೆಯೇ ಎಲ್ಲರ ಫೋನಿಗೂ ಹವಾಮಾನ ಇಲಾಖೆಯ ಯೆಲ್ಲೋ ವಾರ್ನಿಂಗ್ ಬಂದಿತ್ತು. ಗುಡುಗು, ಜೋರು ಗಾಳಿ, ಅನಗತ್ಯವಾಗಿ ಓಡಾಡಬೇಡಿ ಅಂತ. ಸಂಘದ ವಾಟ್ಸಾಪ್ ಗ್ರೂಪ್‌ನಲ್ಲಿ ಯಾರೋ ಒಬ್ಬರು ಪಾಪ, ಪ್ರೋಗ್ರಾಂ ಇದೆಯಾ ಅಂತ ಕೇಳಿದರು. ತಕ್ಷಣ ಹತ್ತಾರು ಉತ್ತರ ಬಂತು. ಎಲ್ಲದರ ಸಾರಾಂಶ ಒಂದೇ, ‘ಏನಾಗಲ್ಲ ಬನ್ನಿ, ಗ್ರ್ಯಾಂಡ್.’

ಈ ‘ಗ್ರ್ಯಾಂಡ್’ ಬಗ್ಗೆ ಹಿಂದೆಯೂ ಬರೆದಿದ್ದೇನೆ. ಇಲ್ಲಿ ಅದಕ್ಕೆ ಅದ್ಧೂರಿ ಅಂತಲ್ಲ, ‘ಎಲ್ಲ ಸರಿಯಾಗಿದೆ’ ಅಂತ ಅರ್ಥ. ಐರ್ಲೆಂಡಿನವರು ಕಾಲು ಮುರಿದರೂ ಗ್ರ್ಯಾಂಡ್ ಅನ್ನುತ್ತಾರೆ, ಮನೆ ಸೋರಿದರೂ ಗ್ರ್ಯಾಂಡ್ ಅನ್ನುತ್ತಾರೆ. ನಾವು ಊರಿಂದ ಬರುವಾಗ ‘ಏನಾಗಲ್ಲ’ ಅನ್ನುವುದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡೇ ಬಂದಿದ್ದೆವು. ಇಲ್ಲಿ ಎರಡಕ್ಕೂ ಮದುವೆಯಾಗಿದೆ. ಹುಟ್ಟಿರುವ ಮಗುವನ್ನು ನೋಡಬೇಕಾದರೆ ನಮ್ಮ ಸಂಘದ ಯಾವುದೇ ಕಾರ್ಯಕ್ರಮಕ್ಕೆ ಬನ್ನಿ.

ನಮ್ಮ ಅಧ್ಯಕ್ಷ ಪ್ರಸನ್ನ ಅವರನ್ನೇ ನೋಡಿ. ಆಫೀಸಿನಲ್ಲಿ ಅವರು ಫೈರ್ ವಾರ್ಡನ್. ಅಲಾರಂ ಹೊಡೆದರೆ ಹಳದಿ ಜಾಕೆಟ್ ಹಾಕಿಕೊಂಡು ಇಡೀ ಫ್ಲೋರಿನವರನ್ನು ಮೆಟ್ಟಿಲಿಳಿಸಿ, ಕಾರ್ ಪಾರ್ಕಿನಲ್ಲಿ ನಿಲ್ಲಿಸಿ, ತಲೆ ಎಣಿಸುವ ಜವಾಬ್ದಾರಿ ಅವರದು. ಲ್ಯಾಪ್‌ಟಾಪ್ ತೆಗೆದುಕೊಳ್ಳಲು ಹಿಂದೆ ತಿರುಗಿದ ಹುಡುಗನೊಬ್ಬನಿಗೆ ಮಂಗಳಾರತಿ ಮಾಡಿದ ಕಥೆಯನ್ನು ಅವರೇ ಹೆಮ್ಮೆಯಿಂದ ಹೇಳಿದ್ದರು. ಅದು ಸೋಮವಾರದಿಂದ ಶುಕ್ರವಾರದವರೆಗಿನ ಪ್ರಸನ್ನ. ಶನಿವಾರ ಜುಬ್ಬಾ ಹಾಕಿದ ಮೇಲೆ ಮನುಷ್ಯನೇ ಬೇರೆ.

ಕ್ಯಾಂಪಸ್‌ನ ಪೋರ್ಟರ್, ಅಂದರೆ ಕಟ್ಟಡಗಳನ್ನು ನೋಡಿಕೊಳ್ಳುವವಳು, ಬ್ರೀಡಾ ಅನ್ನುವ ಹೆಂಗಸು. ಅರವತ್ತರ ಹತ್ತಿರದ ವಯಸ್ಸು, ಕುಳ್ಳಗಿದ್ದಾಳೆ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಹೆಗಲ ಮೇಲೆ ವಾಕಿಟಾಕಿ. ಕಾರ್ಯಕ್ರಮ ಶುರುವಾಗುವ ಮುಂಚೆ ಒಂದು ಹಾಳೆ ತಂದುಕೊಟ್ಟು, ಇದನ್ನು ಮೈಕಿನಲ್ಲಿ ಓದಿಬಿಡಿ ಅಂದಳು. ಬೆಂಕಿ ಬಿದ್ದರೆ ಯಾವ ಬಾಗಿಲು, ಬಿರುಗಾಳಿ ಬಂದರೆ ಎಲ್ಲಿ ಸೇರಬೇಕು, ಒಟ್ಟು ಐದಾರು ಸಾಲು. ಓದಲು ಅರ್ಧ ನಿಮಿಷ ಸಾಕು. ಓದಲಿಲ್ಲ. ಪ್ರಾರ್ಥನೆಗೇ ಮೂರು ತಂಡ ಇದ್ದವು, ಎಲ್ಲರನ್ನೂ ಸಮಾಧಾನ ಮಾಡಬೇಕಿತ್ತಲ್ಲ.

ಸನ್ಮಾನ ನನ್ನದು. ಈ ಅಂಕಣ ಬರೆಯುತ್ತೇನೆ ಅನ್ನುವುದಕ್ಕೆ. ಎರಡು ವಾರದ ಹಿಂದೆ ಕಾರ್ಯದರ್ಶಿ ಮಹೇಶ ಫೋನ್ ಮಾಡಿ, ಮಾನಪತ್ರವನ್ನು ನೀವೇ ಬರೆದು ಕಳಿಸಿಬಿಡಿ ಮೇಡಂ, ನಮಗ್ಯಾರಿಗೂ ಅಷ್ಟು ಚೆನ್ನಾಗಿ ಬರಲ್ಲ ಅಂದ. ಅಯ್ಯೋ ಬೇಡಪ್ಪ, ನನಗೆ ಸಂಕೋಚ ಅನ್ನುತ್ತಲೇ ಎರಡು ಪುಟ ಬರೆದು ಕಳಿಸಿದೆ. ‘ಸಮಾಜವನ್ನು ಸದಾ ಎಚ್ಚರಿಸುತ್ತಿರುವ ಲೇಖನಿ’ ಅನ್ನುವ ಸಾಲು ಖುದ್ದು ನನ್ನದೇ.

ಊಟವಾಗಿ, ಮೂರು ಗಂಟೆಯ ಹೊತ್ತಿಗೆ ನನ್ನನ್ನು ವೇದಿಕೆಯ ಮಧ್ಯದ ಕುರ್ಚಿಯಲ್ಲಿ ಕೂರಿಸಿದರು. ಶಾಲು ಬಂತು, ಹಾರ ಬಂತು. ಮಹೇಶ ಮಾನಪತ್ರ ಓದಲು ಶುರು ಮಾಡಿದ. ನನ್ನ ಮಗಳು ಅನಘಾ ಮತ್ತೆ ಹತ್ತು ಹನ್ನೆರಡು ಮಕ್ಕಳು ಗ್ರೂಪ್ ಡ್ಯಾನ್ಸಿಗೆ ತಯಾರಾಗಿ, ಕೆಂಪು ಹಳದಿ ಲಂಗದಲ್ಲಿ ಗಾಜಿನ ಗೋಡೆಯ ಪಕ್ಕ ನಿಂತಿದ್ದರು. ಅನಘಾಗೆ ಒಂಬತ್ತು ವರ್ಷ. ಹೊರಗೆ ಬೆಳಕು ಒಂದು ಥರಾ ಹಸಿರಾಗಿತ್ತು. ಗಾಜಿಗೆ ಆಲಿಕಲ್ಲು ಬಡಿಯುತ್ತಿತ್ತು. ಮಹೇಶ ಪಾಪ ಇನ್ನಷ್ಟು ಗಟ್ಟಿಯಾಗಿ ಓದಿದ.

ಆಗ ಬ್ರೀಡಾ ಬಂದಳು. ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ಗೇಟಿನ ಸೆಕ್ಯುರಿಟಿಯವನಿಗೆ ಆಟದ ಮೈದಾನದ ಆಚೆ ಮೋಡದಿಂದ ಸುಂಟರಗಾಳಿ ಇಳಿಯುವುದು ಕಂಡಿದೆ, ಈ ಕಡೆಗೇ ಬರುತ್ತಿದೆ ಅಂತ ವಾಕಿಟಾಕಿಯಲ್ಲಿ ಹೇಳಿದ್ದಾನೆ. ಎಲ್ಲರೂ ಎದ್ದು ಒಳಗಿನ ಕಾರಿಡಾರಿಗೆ ಬನ್ನಿ, ಟಾಯ್ಲೆಟ್‌ಗಳ ಒಳಗೆ ಸೇರಿಕೊಳ್ಳಿ, ಅಲ್ಲಿ ಕಿಟಕಿ ಇಲ್ಲ, ಕಾಂಕ್ರೀಟ್ ಗೋಡೆ ಇದೆ, ಈ ಗಾಜಿನ ಹತ್ತಿರ ಯಾರೂ ಇರಬೇಡಿ. ಅವಳು ಹೇಳಿದ್ದು ಇಷ್ಟೇ. ಇದರಲ್ಲಿ ಅರ್ಥವಾಗದ್ದು ಏನಿದೆ?

ಪ್ರಸನ್ನ ಅವರು ವೇದಿಕೆಯಿಂದಲೇ ಎರಡು ಬೆರಳು ತೋರಿಸಿ, ಟೂ ಮಿನಿಟ್ಸ್ ಅಂದರು. ನಮ್ಮವರ ಎರಡು ನಿಮಿಷ ಎಷ್ಟುದ್ದ ಅಂತ ಅವಳಿಗೇನು ಗೊತ್ತು? ಮಾನಪತ್ರದ ಎರಡನೇ ಪುಟ ಬಾಕಿ ಇತ್ತು, ಹಣ್ಣಿನ ಬುಟ್ಟಿ ಕೊಡುವುದಿತ್ತು, ಆಮೇಲೆ ಫೋಟೋ. ಸಭೆಯಲ್ಲಿದ್ದ ಗಂಡಸರು ಎದ್ದರು ನಿಜ. ಎದ್ದು ಸೀದಾ ಗಾಜಿನ ಹತ್ತಿರ ಹೋಗಿ ಫೋನ್ ತೆಗೆದು ವಿಡಿಯೋ ಮಾಡತೊಡಗಿದರು. ನಮ್ಮ ಯಜಮಾನರೂ ಅದರಲ್ಲಿದ್ದರು. ಇನ್ನೊಬ್ಬ ಮಹಾಶಯರು, ಟಾಯ್ಲೆಟ್‌ಗಿಂತ ಕಾರಿನಲ್ಲಿ ಕೂತುಕೊಳ್ಳೋಣ ಅಂತ ಸಲಹೆ ಕೊಟ್ಟರು. ಸುಂಟರಗಾಳಿಯಲ್ಲಿ ಕಾರು! ಇವರೂ ಎಂಜಿನಿಯರೇ ಸ್ವಾಮಿ.

ಬ್ರೀಡಾ ನನ್ನ ಮುಖ ನೋಡಿದಳು. ಮಧ್ಯದ ಕುರ್ಚಿಯಲ್ಲಿ ಕೂತವಳು ನಾನು. ನಾನು ಎದ್ದಿದ್ದರೆ ಎಲ್ಲರೂ ಏಳುತ್ತಿದ್ದರು. ಎರಡನೇ ಪುಟದಲ್ಲಿ ಏನಿದೆ ಅಂತ ಆ ಹಾಲ್‌ನಲ್ಲಿ ಚೆನ್ನಾಗಿ ಗೊತ್ತಿದ್ದದ್ದೂ ನನಗೇ. ಒಳ್ಳೊಳ್ಳೆಯ ಸಾಲುಗಳೆಲ್ಲ ಅಲ್ಲಿದ್ದವು. ನಾನೂ ಅವಳಿಗೆ ಎರಡು ಬೆರಳು ತೋರಿಸಿದೆ.

ಅವಳು ದೊಡ್ಡವರ ಆಸೆ ಬಿಟ್ಟಳು. ನೇರ ಮಕ್ಕಳ ಹತ್ತಿರ ಹೋಗಿ ಏನೋ ಹೇಳಿದಳು. ಮಕ್ಕಳು ಒಂದು ಪ್ರಶ್ನೆ ಕೇಳಲಿಲ್ಲ. ಶಾಲೆಯಲ್ಲಿ ಮಾಡುವಂತೆ ಇಬ್ಬಿಬ್ಬರು ಕೈ ಹಿಡಿದು ಸಾಲಾಗಿ ಹೊರಟರು.

ಮಗಳು ಹೋಗಿಬಿಟ್ಟರೆ ಫೋಟೋಗೆ ಸಿಗುವುದಿಲ್ಲವಲ್ಲ, ಬುಟ್ಟಿ ಆಮೇಲೆ ಆಗಲಿ ಅಂತ ಆಗ ನಾನು ಕರೆದೆ. “ಅನಘಾ, ಬಾ ಇಲ್ಲಿ. ಫ್ಯಾಮಿಲಿ ಫೋಟೋ.”

ಅವಳು ನಿಂತಳು. ಬ್ರೀಡಾಳ ಬೆನ್ನು ನೋಡಿದಳು, ನನ್ನನ್ನು ನೋಡಿದಳು. ಜೊತೆಯವಳ ಕೈ ಬಿಟ್ಟು, ಗಾಜಿನ ಗೋಡೆಯ ಪಕ್ಕದಲ್ಲೇ ಓಡಿಕೊಂಡು ನನ್ನ ಹತ್ತಿರ ಬಂದಳು. ಅಮ್ಮ ಕರೆದರೆ ತಕ್ಷಣ ಬರಬೇಕು ಅಂತ ಕಲಿಸಿದ್ದೆನಲ್ಲ. ಅವಳ ಹೆಗಲ ಮೇಲೆ ಕೈ ಹಾಕಿದೆ. ವಿಡಿಯೋ ಬಿಟ್ಟು ಯಜಮಾನರೂ ಬಂದು ನಿಂತರು. ಫೋಟೋ ತೆಗೆಯುವವನು ಸ್ಮೈಲ್ ಮಾಡಿ ಮೇಡಂ ಅಂದ. ಮಾಡಿದೆವು.

ಕ್ಲಿಕ್ಕಿಸಿ, ಕ್ಯಾಮೆರಾದ ಸ್ಕ್ರೀನ್ ನೋಡಿ, ಅವನ ಮುಖ ಬಿಳಿಚಿಕೊಂಡಿತು. ನಮ್ಮ ಹಿಂದೆ ಇರುವುದನ್ನು ಅವನು ಕಣ್ಣಾರೆ ನೋಡಿರಲಿಲ್ಲ, ಫೋಟೋದಲ್ಲಿ ನೋಡಿದ. ಅವನು ಕ್ಯಾಮೆರಾ ಎತ್ತಿಕೊಂಡು ಓಡಿದ ಮೇಲೆ ಸಭೆಗೆ ನಂಬಿಕೆ ಬಂತು. ನಾನಿನ್ನೂ ಸ್ಮೈಲ್ ಮಾಡುತ್ತ ನಿಂತೇ ಇದ್ದೆ. ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ಬ್ರೀಡಾ. ಕಾರಿಡಾರಿನಲ್ಲಿ ಮಕ್ಕಳನ್ನು ಎಣಿಸಿ, ಒಂದು ಕಮ್ಮಿ ಅಂತ ಗೊತ್ತಾಗಿ ವಾಪಸ್ ಬಂದಿದ್ದಳು. ಒಂದು ಕೈಯಲ್ಲಿ ಅನಘಾ, ಇನ್ನೊಂದರಲ್ಲಿ ನಾನು. ಶಾಲು ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದೆ (ಹೌದು, ಹೋದೆ), ಅವಳು ಬಿಡಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿದರೆ ನಾವು ಕನ್ನಡಿಗರು ಹೇಗಾಗುತ್ತೇವೆ? ಟಾಯ್ಲೆಟ್ ಬಾಗಿಲಲ್ಲಿ ಹೊಸ ಚರ್ಚೆ. ಹತ್ತಿರ ಇದ್ದದ್ದು ಲೇಡೀಸ್ ಒಂದೇ. ಲೇಡೀಸ್ ಟಾಯ್ಲೆಟ್‌ಗೆ ಗಂಡಸರು ಹೋಗುವುದು ಹೇಗೆ ಅಂತ ಕೆಲವರು ನಿಂತುಬಿಟ್ಟರು. ಮಹೇಶ ವೇದಿಕೆಯಿಂದ ಭುವನೇಶ್ವರಿ ತಾಯಿಯ ಫೋಟೋ ಎತ್ತಿಕೊಂಡು ಬಂದಿದ್ದ. ತಾಯಿಯನ್ನು ಟಾಯ್ಲೆಟ್ ಒಳಗೆ ತರುವುದಿಲ್ಲ ಅಂತ ಹೊಸ್ತಿಲಲ್ಲೇ ನಿಂತ. ಅವನು ಸರಿಯದೆ ಬಾಗಿಲು ಮುಚ್ಚುವಂತಿಲ್ಲ. ಹೊರಗೆ ಗಾಳಿಯ ಸದ್ದು ಏರುತ್ತಿತ್ತು. ಬಾಗಿಲು ಹಾಕು ಅಂತ ಬ್ರೀಡಾ ಇಂಗ್ಲಿಷಿನಲ್ಲಿ ಬೇಡುತ್ತಿದ್ದಳು, ಅವನು ಕನ್ನಡದಲ್ಲಿ ತಲೆಯಾಡಿಸುತ್ತಿದ್ದ.

ತೀರ್ಮಾನ ಮಾಡಿದ್ದು ಅವನ ತಾಯಿ ಸಾವಿತ್ರಮ್ಮ. ಮೈಸೂರಿನಿಂದ ಮಗನ ಮನೆಗೆ ಬಂದವರು, ರೇಷ್ಮೆ ಸೀರೆಯಲ್ಲೇ ಒದ್ದೆ ನೆಲದ ಮೇಲೆ ಎಲ್ಲರಿಗಿಂತ ಮೊದಲು ಕೂತುಬಿಟ್ಟಿದ್ದರು.

“ಮಹೇಶ, ದೇವ್ರು ಕಕ್ಕಸಿಗೆ ಬರಲ್ಲ ಅಂತ ಯಾರೋ ನಿಂಗೆ ಹೇಳಿದ್ದು? ಆ ಫೋಟೋ ನನ್ ಮಡಿಲಿಗೆ ಕೊಟ್ಟು, ಬಾಗ್ಲು ಹಾಕೋ.”

ಬಾಗಿಲು ಮುಚ್ಚಿತು. ಗೋಡೆಗೆ ಒತ್ತಿ ಕೂತು ತಲೆಯ ಮೇಲೆ ಕೈ ಇಟ್ಟುಕೊಳ್ಳಿ ಅಂತ ಬ್ರೀಡಾ ತೋರಿಸಿಕೊಟ್ಟಳು. ಲೈಟ್ ಹೋಯಿತು. ಆಮೇಲೆ ಬಂದ ಸದ್ದನ್ನು ಹೇಗೆ ವರ್ಣಿಸಲಿ ಅಂತ ಮೂರು ದಿನ ಯೋಚಿಸಿದೆ, ನನ್ನ ಲೇಖನಿಗೆ ಆಗಲಿಲ್ಲ. ಕಿವಿ ಕಟ್ಟಿತು. ಹಾಲ್‌ನ ಕಡೆಯಿಂದ ಗಾಜು ಒಡೆದು ಬೀಳುವುದು ಕೇಳಿಸಿತು, ಒಂದಾದ ಮೇಲೆ ಒಂದು. ಅನಘಾಳ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದೆ. ಮಕ್ಕಳೆಲ್ಲ ಸುರಕ್ಷಿತ ಜಾಗಕ್ಕೆ ಹೊರಟಿದ್ದಾಗ ಇವಳೊಬ್ಬಳನ್ನು ಗಾಜಿನ ಹತ್ತಿರಕ್ಕೆ ಯಾರು ವಾಪಸ್ ಕರೆದರು ಅನ್ನುವುದು ಆ ಕತ್ತಲೆಯಲ್ಲಿ ತಲೆಗೆ ಹತ್ತಿತು. ನನಗೆ ಹೆದರಿಕೆಗಿಂತ ಹೆಚ್ಚಾಗಿ ಅಸಹ್ಯವಾಯಿತು, ನನ್ನ ಮೇಲೆಯೇ.

ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಎಲ್ಲ ನಿಂತಿತು. ಸ್ವಲ್ಪ ಹೊತ್ತಿಗೆ ಲೈಟ್ ಬಂತು. ಲೈಟ್ ಬಂದಾಗ ನನ್ನ ಎದುರು ನಿಂತಿದ್ದವರು ಯಾರು? ಅಧ್ಯಕ್ಷ ಪ್ರಸನ್ನ. ಕೈಯಲ್ಲಿ ಏನು? ಹಣ್ಣಿನ ಬುಟ್ಟಿ. ಆಫೀಸಿನಲ್ಲಿ ಲ್ಯಾಪ್‌ಟಾಪ್ ಬಿಟ್ಟು ಬಾ ಅನ್ನುವ ಮನುಷ್ಯ, ಅಷ್ಟು ಗಲಾಟೆಯಲ್ಲೂ ಸೇಬು ಕಿತ್ತಳೆ ಬಿಟ್ಟು ಬಂದಿರಲಿಲ್ಲ. “ಅರ್ಧಕ್ಕೆ ನಿಲ್ಲಿಸ್ಬಾರ್ದು ಮೇಡಂ, ಶಾಸ್ತ್ರ” ಅಂದರು. ಕೈ ಒಣಗಿಸುವ ಮೆಷಿನ್ ಪಕ್ಕದಲ್ಲಿ ಬುಟ್ಟಿ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ನಾನೂ ಎರಡೂ ಕೈ ಚಾಚಿ ತೆಗೆದುಕೊಂಡೆ.

ಎಲ್ಲರೂ ಇದ್ದೀರಾ ಅಂತ ಬ್ರೀಡಾ ಕೇಳಿದಳು. ಫೈರ್ ವಾರ್ಡನ್ ಸಾಹೇಬರೂ ಸೇರಿದಂತೆ ನಮ್ಮಲ್ಲಿ ಒಬ್ಬರೂ ಎಣಿಸಿರಲಿಲ್ಲ. ಅವಳೇ ಎಣಿಸಿದಳು. ಯಾರಿಗೂ ಏನೂ ಆಗಿರಲಿಲ್ಲ.

ಹಾಲ್‌ನ ಗಾಜಿನ ಗೋಡೆಯಲ್ಲಿ ಮೂರು ಕಡೆ ದೊಡ್ಡ ಕಿಂಡಿ. ಸೈಕಲ್ ಶೆಡ್ಡಿನ ಚಾವಣಿ ಹುಲ್ಲಿನ ಮೇಲೆ ಬಿದ್ದಿತ್ತು. ಮಕ್ಕಳು ಸಾಲಾಗಿ ನಿಂತಿದ್ದ ಜಾಗದ ತುಂಬ ಗಾಜಿನ ಚೂರು. ಅನಘಾ ಓಡಿ ಬಂದ ದಾರಿಯ ಉದ್ದಕ್ಕೂ ಗಾಜಿನ ಚೂರು. ನನ್ನ ಕುರ್ಚಿಯ ಮೇಲೂ ಇತ್ತು. ಉದ್ಘಾಟನೆಯ ದೀಪ ಉರುಳಿ ಬಿದ್ದಿತ್ತು. ಅದರ ಬುಡದಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ಕಂಡಿತು. ದೀಪ ಅಲುಗಾಡುತ್ತದೆ ಅಂತ ಯಾರೋ ಅಡಿಯಲ್ಲಿ ಇಟ್ಟಿದ್ದರು. ಬಿಡಿಸಿ ನೋಡಿದೆ. ಬ್ರೀಡಾ ಮೈಕಿನಲ್ಲಿ ಓದಿ ಅಂತ ಕೊಟ್ಟಿದ್ದ ಹಾಳೆ.

ಇಷ್ಟಾದ ಮೇಲೆ ಏನಾದರೂ ಕಲಿತೆವಾ? ಭಾನುವಾರ ಬೆಳಗ್ಗೆ ಗ್ರೂಪಿಗೆ ಫೋಟೋ ಬಂತು. ಹೂವಿನ ಹಾರ ಹಾಕಿಕೊಂಡ ನಾನು, ಯಜಮಾನರು, ನಡುವೆ ಅನಘಾ, ಮೂವರದೂ ಹಲ್ಲು ಕಾಣುತ್ತಿದೆ. ಹಿಂದೆ ಗಾಜಿನಾಚೆ, ಮೋಡದಿಂದ ನೆಲದವರೆಗೆ ಬೂದು ಬಣ್ಣದ ಸುಂಟರಗಾಳಿ. ಕೆಳಗೆ ಕಮಿಟಿಯವರ ಒಕ್ಕಣೆ: ‘ಪ್ರಕೃತಿ ವಿಕೋಪದ ನಡುವೆಯೂ ಅದ್ಧೂರಿ ರಾಜ್ಯೋತ್ಸವ.’ ಡಬ್ಲಿನ್‌ವರೆಗೂ ಫಾರ್ವರ್ಡ್ ಆಗಿದೆಯಂತೆ. ಎಂಥಾ ಬ್ಯಾಕ್‌ಗ್ರೌಂಡ್ ಮೇಡಂ, ಫ್ರೇಮ್ ಹಾಕಿಸಿ ಅಂತ ಇಪ್ಪತ್ತು ಜನ ಬರೆದಿದ್ದಾರೆ. ಬ್ರೀಡಾಗೆ ಒಂದು ಥ್ಯಾಂಕ್ಸ್ ಕಾರ್ಡ್ ಕಳಿಸೋಣವಾ ಅಂತ ನಾನು ಕೇಳಿದೆ. ಮುಂದಿನ ಮೀಟಿಂಗಿನಲ್ಲಿ ಚರ್ಚಿಸೋಣ ಅಂತ ಉತ್ತರ ಬಂತು. ಮಾರನೆಯ ದಿನ ನಾನೇ ಹೋಗಿ ಹಣ್ಣಿನ ಬುಟ್ಟಿಯನ್ನು ಅವಳ ಕೈಗೆ ಕೊಟ್ಟು ಬಂದೆ. ಅವಳು ಮುಜುಗರ ಪಟ್ಟುಕೊಂಡು, ಮಗು ಹೇಗಿದೆ ಅಂತ ಮಾತ್ರ ಕೇಳಿದಳು.

ಮಗು ಹೇಗಿದೆ? ನಿನ್ನೆ ಸಂಜೆ ಅನಘಾ ನನ್ನ ಫೋನಿನಲ್ಲಿ ಆ ಫೋಟೋವನ್ನು ತುಂಬಾ ಹೊತ್ತು ನೋಡುತ್ತ ಕೂತಿದ್ದಳು. ನಾನು ತರಕಾರಿ ಹೆಚ್ಚುತ್ತಿದ್ದೆ. ಆಮೇಲೆ ಫೋನ್ ಕೆಳಗಿಟ್ಟು, ಇಲ್ಲಿನ ಮಕ್ಕಳ ರಾಗದಲ್ಲೇ ಕೇಳಿದಳು. “ಅಮ್ಮ, ನೆಕ್ಸ್ಟ್ ಟೈಮ್, ವಿಲ್ ಐ ಗೋ ಟು ಯೂ, ಆರ್ ವಿಲ್ ಐ ಗೋ ವಿತ್ ದ ಲೇಡಿ?”

ಮುಂದಿನ ಸಲ ನೀನು ಕರೆದರೆ ಬರಲಾ, ಇಲ್ಲ ಆ ಲೇಡಿ ಜೊತೆ ಹೋಗಲಾ? ಸಿಟ್ಟಿನಿಂದ ಕೇಳಿದ್ದಲ್ಲ. ಶಾಲೆಗೆ ಯಾವ ಶೂ ಹಾಕಿಕೊಳ್ಳಲಿ ಅಂತ ಕೇಳುವ ಹಾಗೆ ಕೇಳಿದಳು. ಅವಳಿಗೆ ಉತ್ತರ ಬೇಕಿತ್ತು.

ನಾನು ಕರೆದರೂ ಬರಬೇಡ ಅಂದೆ. ಸಮಾಜವನ್ನು ಸದಾ ಎಚ್ಚರಿಸುವ ಲೇಖನಿ ಇನ್ನೇನು ಹೇಳಬೇಕಿತ್ತು?