ಬಳೆಗಾರ ಕಾಶವ್ವ ನಮ್ಮ ಮನೆ ಮಾರಿದ್ದು

ಈಗ ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಕಂಬಕ್ಕೊಂದು ಬೋರ್ಡು ಕಾಣುತ್ತದೆ: ಮನೆ ಮಾರುವುದಿದ್ದರೆ ನಮ್ಮನ್ನು ಕಾಣಿರಿ. ಅದನ್ನು ಓದಿದಾಗಲೆಲ್ಲ ನನ್ನ ಕೈ ತಾನಾಗಿಯೇ ಬಳೆಗಳ ಮೇಲೆ ಹೋಗುತ್ತದೆ. ನಾನು ಈ ಜನ್ಮದಲ್ಲಿ ಮಾರಿದ್ದು ಒಂದೇ ಮನೆ, ಅದನ್ನು ಮಾರಿಸಿಕೊಟ್ಟವಳು ಬಳೆಗಾರ ಕಾಶವ್ವ. ಹಾಗಂತ ಆಕೆಯನ್ನು ನಾನು ಆರಿಸಿದೆ ಅಂತ ಜಂಬ ಕೊಚ್ಚಿಕೊಳ್ಳುವ ಹಾಗಿಲ್ಲ. ಆಕೆಯೇ ನನ್ನನ್ನು ಆರಿಸಿಕೊಂಡಳು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಮನೆ ಮಾರಿ ನೋಡು ಅಂತ ಯಾಕೆ ಹೇಳಲಿಲ್ಲವೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಬಹುಶಃ ಮಾರಿದವರಿಗೆ ಆಮೇಲೆ ಗಾದೆ ಕಟ್ಟುವಷ್ಟು ಉಸಿರು ಉಳಿದಿರಲಿಕ್ಕಿಲ್ಲ.

ಅದು ಎಪ್ಪತ್ತರ ದಶಕ. ನಮ್ಮ ಮನೆ ಇದ್ದದ್ದು ಇಂಡಿಯಲ್ಲಿ. ಮಣ್ಣಿನ ದಪ್ಪ ಗೋಡೆ, ಮೇಲೆ ಮಾಳಿಗೆ, ನಡುವೆ ಪಡಸಾಲೆ. ನಮ್ಮವರು ಸಾಲಿ ಮಾಸ್ತರು, ಅವರಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಅಲ್ಲಿ ಸಾಲಿಗೆ ಹತ್ತಿರವೇ ಒಂದು ಪುಟ್ಟ ಮನೆ ನೋಡಿಟ್ಟೆವು. ಅದರ ಮಾಲೀಕರು ಯುಗಾದಿಯ ತನಕ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಅಂದರು. ಹಾಗಾಗಿ ಯುಗಾದಿಯೊಳಗೆ ಇಂಡಿಯ ಮನೆ ಹೋಗಬೇಕು. ಆದರೆ ಮಾರಿಸುವವರು ಯಾರು? ನಮ್ಮ ಸೀಮೆಯಲ್ಲಿ ಜೋಳಕ್ಕೆ ದಲಾಲಿ ಇದ್ದ, ಎತ್ತಿಗೆ ಇದ್ದ, ಕನ್ಯೆಗೂ ವರಕ್ಕೂ ಇದ್ದ. ದೇವರ ಹತ್ತಿರ ಮಾತಾಡಲಿಕ್ಕೆ ಪೂಜಾರಿ ಇದ್ದೇ ಇದ್ದ. ಮನೆಗೆ ಮಾತ್ರ ಯಾರೂ ಇರಲಿಲ್ಲ.

ನಮ್ಮವರು ದನದ ದಲಾಲಿ ಸಿದ್ರಾಮಪ್ಪನನ್ನು ಕರೆತಂದರು. ಸಿಂದಗಿ, ಮುದ್ದೇಬಿಹಾಳ, ದೇವರ ಹಿಪ್ಪರಗಿ, ಎಲ್ಲಿ ಸಂತೆ ಇದ್ದರೂ ಆತನ ದನಿ ಆ ತುದಿಯಿಂದ ಈ ತುದಿಗೆ ಕೇಳುತ್ತಿತ್ತು. ಬಾಯಿದ್ದವ ಬರಗಾಲದಾಗ ಬದುಕಿದ ಅಂತಾರಲ್ಲ, ಆ ಬಾಯಿಯನ್ನು ನೋಡಿಯೇ ನಮ್ಮವರು ಮನಸೋತದ್ದು. ಸಿದ್ರಾಮಪ್ಪ ಬಂದವನೇ ಗೋಡೆಯ ಮೈದಡವಿದ, ಬಾಗಿಲ ಚೌಕಟ್ಟನ್ನು ತಟ್ಟಿದ, ಎರಡು ಹೆಜ್ಜೆ ಹಿಂದೆ ಸರಿದು ಮನೆಯನ್ನು ಅಡ್ಡಲಾಗಿ ನೋಡಿದ.

"ಮನಿಗೆ ಇನ್ನೂ ವಯಸ್ಸ ಐತ್ರಿ ಮಾಸ್ತರ. ಭಾಳಂದ್ರ ಆರ ಹಲ್ಲಿಂದು. ಬಾಯಿಗೂಡಾಕ ಇನ್ನೂ ಟೈಮ್ ಐತಿ," ಅಂದ.

ಎತ್ತಿನ ಹಲ್ಲೆಣಿಸಿ ವಯಸ್ಸು ಹೇಳುವ ಹಾಗೆ ಮನೆಗೂ ಹೇಳಿದ್ದು ಕೇಳಿ, ನಗು ತಡೆಯಲಾಗದೆ ಒಳಗೆ ಓಡಿದೆ. ಆದರೆ ಮುಂದಿನದನ್ನು ನೋಡಿ ದಂಗಾದೆ. ಆತ ಕೊಳ್ಳುವವರನ್ನು ಕರೆತಂದು ಪಡಸಾಲೆಯಲ್ಲಿ ಕೂಡಿಸಿ, ನಮ್ಮವರ ಕೈಯ ಮೇಲೂ ಅವರ ಕೈಯ ಮೇಲೂ ಟವೆಲು ಹೊದಿಸಿಬಿಡುತ್ತಿದ್ದ. ಬೆಲೆಯೆಲ್ಲ ಟವೆಲಿನ ಕೆಳಗೆ ಬೆರಳಿನ ಮಾತಿನಲ್ಲಿ. ಹೊರಗೆ ಬರೀ ಮುಖಗಳು, ಅವೂ ಕಲ್ಲಿನ ಹಾಗೆ. ಇಂಥ ಗುಟ್ಟಿನ ಭಾಷೆ ನಮ್ಮ ಮೂಗಿನ ಕೆಳಗೇ ಸಂತೆಯಲ್ಲಿ ಬದುಕಿದೆಯಲ್ಲ ಅಂತ ನಾನು ಬೆರಗಾಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನಮ್ಮವರು ಮಾತ್ರ ಅದನ್ನು ಪ್ರೀತಿ ಅಂತ ತಿಳಿದು, ಸಿಕ್ಕ ಬೆರಳನ್ನು ಗಟ್ಟಿಯಾಗಿ ಹಿಡಿದು ಕುಲುಕುತ್ತಿದ್ದರು.

ಗಂಡಸರೆಲ್ಲ ಒಪ್ಪುತ್ತಿದ್ದರು. ಮರುದಿನ ಅವರ ಮನೆಯ ಹೆಂಗಸರು ಬರುತ್ತಿದ್ದರು. ಬಂದವರು ಒಲೆ ನೋಡುತ್ತಿರಲಿಲ್ಲ, ಬಚ್ಚಲು ನೋಡುತ್ತಿರಲಿಲ್ಲ. ಪಡಸಾಲೆಯ ನಡುವೆ ನಿಂತು ಕತ್ತೆತ್ತಿ ಜಂತಿ ನೋಡುತ್ತಿದ್ದರು. ಅಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇತ್ತು. ಅದಕ್ಕೆ ನಾನು ಉಳ್ಳಾಗಡ್ಡಿಯ ಬುಟ್ಟಿ ತೂಗುಹಾಕಿದ್ದೆ. ಅವರು ಬುಟ್ಟಿ ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, "ಬರ್ತೇವ್ರಿ" ಅಂದು ಹೋಗುತ್ತಿದ್ದರು. ಮತ್ತೆ ಬರುತ್ತಿರಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಅದಕ್ಕೆ ನಾನು ಅಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಆದರೆ ಓಣಿ ಬಿಟ್ಟಿರಲಿಲ್ಲ. ಆ ಮನಿ ಹತ್ತೂದಿಲ್ಲ, ಅಲ್ಲಿ ಇದ್ದವರಿಗೆ ತೊಟ್ಟಿಲಾ ಕಟ್ಟೂ ಯೋಗ ಇಲ್ಲ ಅಂತ ನೀರಿಗೆ ಹೋದಲ್ಲಿ, ಹಪ್ಪಳ ಹಾಕುವಲ್ಲಿ ಮಾತು ಹುಟ್ಟಿ, ಕೊಳ್ಳುವವರ ಕಿವಿಗೆ ನಮಗಿಂತ ಮೊದಲೇ ಮುಟ್ಟುತ್ತಿತ್ತು. ಟವೆಲು ಹೊದಿಸಲಿಕ್ಕೆ ಸಿದ್ರಾಮಪ್ಪನಿಗೆ ಬರುತ್ತಿತ್ತು, ಆದರೆ ಓಣಿಯ ಬಾಯಿ ಮುಚ್ಚುವಷ್ಟು ದೊಡ್ಡ ಟವೆಲು ಆತನ ಹತ್ತಿರ ಇರಲಿಲ್ಲ.

"ಸ್ವಲ್ಪ ಕಡಿಮಿಗೆ ಕೊಟ್ಟಬಿಡೂಣೇನು?" ಅಂದರು ನಮ್ಮವರು.

ನನಗೆ ಎಲ್ಲಿತ್ತೋ ಆ ಸಿಟ್ಟು. "ಕಡಿಮಿಗೆ ಕೊಟ್ರ ಓಣಿ ಮಾತು ಖರೇ ಅಂತ ನಾವೇ ಸಹಿ ಹಾಕಿಧಂಗ ಆಕ್ಕೈತ್ರಿ. ಬಾಗೇವಾಡಿ ಮನಿ ಹೋದ್ರ ಹೋಗ್ಲಿ. ಈ ಹೆಸರ ಹೊತ್ತ ಈ ಮನಿ ಮಾರಗೊಡೂದಿಲ್ಲ," ಅಂದೆ. ನಿಜ ಹೇಳುತ್ತೇನೆ, ನಾನು ಹೇಳಿದ್ದು ಮನೆಯ ಹೆಸರನ್ನಲ್ಲ, ನನ್ನದನ್ನು.

ಆ ವಾರವೇ ಕಾಶವ್ವ ಬಂದಳು. ಹಬ್ಬ ಸಮೀಪಿಸಿದಾಗ ಹೆಗಲ ಮೇಲೆ ಬಳೆಗಳ ಮಲಾರ ಹೊತ್ತು ಮನೆಮನೆಗೆ ಬರುವುದು ಅವಳ ರೂಢಿ. ಗಟ್ಟಿ ಹೆಂಗಸು, ತನಗಿಂತ ಜಾಣರು ನಾಲ್ಕು ತಾಲೂಕಿನಲ್ಲಿ ಇಲ್ಲ ಅಂತ ತಾನೇ ಸಾರಿಕೊಂಡು ತಿರುಗುವವಳು. ನನ್ನ ಕೈ ಹಿಡಿದು ಬೆರಳು ಒತ್ತಿ ನೋಡಿ ಬಳೆ ಕೆಳಗಿಟ್ಟಳು.

"ಅಕ್ಕಾರ, ಮುಷ್ಟಿ ಇಷ್ಟ ಬಿಗಿ ಹಿಡದ್ರ ಬಳಿ ಏರೂದಿಲ್ಲ. ಏನಾಗೇತಿ, ಹೇಳ್ರಿ."

ಹೇಳಿದೆ. ಎಲ್ಲ ಕೇಳಿ ಅವಳು ಕೊಂಡಿಯತ್ತ ಒಮ್ಮೆ ನೋಡಿದಳು.

"ಗಂಡಸರಿಗೆ ಮನಿ ತೋರಸಿ ಏನ ಮಾಡ್ತೀರಿ? ಅವರು ಉಣ್ಣಾಕ ಮಲಗಾಕ ಬರಾವ್ರು. ಈ ಮನಿ ನಾ ಮಾರ್ತೇನಿ. ಬುಟ್ಟಿ ಮೊದಲ ಇಳಸ್ರಿ."

ನಮ್ಮವರು ಪಡಸಾಲೆಯಿಂದಲೇ ನಕ್ಕರು. ಕಾಶವ್ವ ಅವರ ಕಡೆ ತಿರುಗಿಯೂ ನೋಡಲಿಲ್ಲ.

ನಾಲ್ಕೈದು ದಿನಕ್ಕೆ ತಾಂಬಾದಿಂದ ಅತ್ತೆ-ಸೊಸೆಯನ್ನು ಕರೆತಂದಳು. ಅತ್ತೆ ಗುರುಬಾಯವ್ವ, ಹೊಲಮನೆ ಇದ್ದವರು, ಮಗನ ಅಂಗಡಿಗಾಗಿ ಇಂಡಿಯಲ್ಲಿ ಮನೆ ಹುಡುಕುತ್ತಿದ್ದರು. ಸೊಸೆ ಶಾಂತವ್ವ ತುಂಬಿದ ಬಸುರಿ. ಬಸುರಿಯನ್ನು ಈ ಮನೆಗೆ ಕರೆತರುವುದೇ? ನಾಳೆ ಏನಾದರೂ ಆದರೆ ಓಣಿ ನನ್ನನ್ನು ಬಿಟ್ಟೀತೇ?

ಬಂದ ಗುರುಬಾಯವ್ವ ಎಲ್ಲರಂತೆಯೇ ಕತ್ತೆತ್ತಿದರು. ಓಣಿಯ ಮೂರ್ನಾಲ್ಕು ಹೆಂಗಸರು ಬಳೆಯ ನೆಪದಲ್ಲಿ ಹೊಸ್ತಿಲಲ್ಲಿ ನಿಂತಿದ್ದರು. ಅವರು ಬಾಯಿ ಬಿಡುವ ಮೊದಲೇ ಕಾಶವ್ವ ಬಿಟ್ಟಳು.

"ನೋಡಬೇ ಗುರುಬಾಯವ್ವ, ನೋಡು. ಈ ಕೊಂಡಿಗೆ ಇವರ ಕಾಲದಾಗ ತೊಟ್ಟಿಲಾ ಕಟ್ಟಿಲ್ಲ. ಮಂದಿ ನಿನಗ ಹೇಳಿದ್ದು ಇದ ಹೌದಲ್ಲ? ನಾನೂ ಹೇಳ್ತೇನಿ. ಒಂದೀಟೂ ಸವದಿಲ್ಲ, ಹೆಂಗಿತ್ತೋ ಹಂಗ ಐತಿ. ಮಂದಿ ತೂಗಿ ತೂಗಿ ಸವಸಿದ ಕೊಂಡಿ ಬೇಕೋ, ನಿನ್ನ ಮೊಮ್ಮಗನ ಸಲುವಾಗಿ ಕಾಯ್ಕೋತ ಕುಂತ ಕೊಂಡಿ ಬೇಕೋ?"

ಇಷ್ಟು ವರ್ಷ ನನ್ನ ತಲೆಯ ಮೇಲೆ ತೂಗಿದ್ದ ಮಾತನ್ನು ಆಕೆ ಕೈಯಲ್ಲಿ ಹಿಡಿದು, ಹೊಸ ಸರಕಿನ ಹಾಗೆ ತಿರುವಿ ತೋರಿಸಿಬಿಟ್ಟಳಲ್ಲ! ದೋಷ ಮುಚ್ಚಿಟ್ಟು ಮಾರುವವರನ್ನು ಕಂಡಿದ್ದೆ. ದೋಷವನ್ನೇ ಮಾರುವವರನ್ನು ಅಂದೇ ಮೊದಲು ಕಂಡದ್ದು.

ಅಷ್ಟಕ್ಕೇ ಬಿಡಲಿಲ್ಲ. ಕೊಂಡಿಯ ಕೆಳಗೇ ಶಾಂತವ್ವನನ್ನು ಕೂಡಿಸಿ ಹಸಿರು ಬಳೆ ತೆಗೆದಳು. "ಅಕ್ಕಾರ, ಹುಡಿಗಿ ಕೈ ಹಿಡಕೋರಿ," ಅಂದಳು. ಬಸುರಿಯ ಕೈ, ನನ್ನ ಕೈಯಲ್ಲಿ! ಹೊಸ್ತಿಲಲ್ಲಿದ್ದವರು ಒಳಗೆ ಕತ್ತು ಚಾಚಿದರು. ಈಗ ಒಂದು ಬಳೆ ಚಟ್ಟೆಂದರೆ ಮುಗಿಯಿತು, ಮನೆಯೂ ಹೋಯಿತು, ನಾನೂ ಹೋದೆ. ಗುರುಬಾಯವ್ವ ಬಾಗಿ ನೋಡುತ್ತಿದ್ದರು. ನಾನು ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ಒಂದೊಂದಾಗಿ ಬಳೆ ಜಾರಿ ಏರಿದವು, ಎರಡೂ ಕೈ ತುಂಬಿದವು, ಒಂದೂ ಒಡೆಯಲಿಲ್ಲ. ಶಾಂತವ್ವ ಕೈ ಅಲ್ಲಾಡಿಸಿ ಸಪ್ಪಳ ಮಾಡಿ ನಕ್ಕಳು. "ಅತ್ತಿ, ಇಲ್ಲಿ ತಂಪ ಐತ್ರಿ," ಅಂದಳು.

ಗುರುಬಾಯವ್ವ ಮೊದಲ ಸಲ ಒಲೆ ನೋಡಲು ಹೋದರು. ಮನೆ ಮಾರಾಟವಾಯಿತು, ನಾವು ಕೇಳಿದ ಬೆಲೆಗೇ. ಹೊಸ್ತಿಲ ಮೇಲಿದ್ದವರೂ ಬರಿಗೈಯಲ್ಲಿ ಹೋಗಲಿಲ್ಲ. ಒಬ್ಬೊಬ್ಬರಿಗೂ ಕಾಶವ್ವ ಬಳೆ ಇಟ್ಟೇ ಕಳಿಸಿದಳು.

ಎಲ್ಲರೂ ಹೋದ ಮೇಲೆ ಕೇಳಿದೆ, "ಬಳಿ ಒಡದಿದ್ರ ಏನ ಗತಿ ಆಗಿತ್ತು ಕಾಶವ್ವ?"

"ಹೆಂಗ ಒಡೀತಾವ್ರಿ? ಒಂದ ಅಳತಿ ದೊಡ್ಡವ ಹಾಕೇನಿ," ಅಂದು ಮಲಾರ ಹೆಗಲಿಗೇರಿಸಿದಳು. ದಲಾಲಿ ಎಷ್ಟು ಅಂದರೆ, "ಅದನ್ನ ಗುರುಬಾಯವ್ವನ ಕಡೆ ಮಾತಾಡೇನಿ, ನಿಮಗ ಸಂಬಂಧ ಇಲ್ಲ," ಅಂದಳು.

ಯುಗಾದಿಗೆ ಬಾಗೇವಾಡಿಗೆ ಹೋದೆವು. ಹೊಸ ಮನೆಯಲ್ಲಿ ಕೊಂಡಿ ಇರಲಿಲ್ಲ, ಉಳ್ಳಾಗಡ್ಡಿ ನೆಲದ ಮೇಲೇ ಇಟ್ಟೆ. ಒಂದೆರಡು ತಿಂಗಳಿಗೆ ಗುರುಬಾಯವ್ವನ ಮಗ ತಾನೇ ಬಂದ. ಗಂಡು ಮಗು, ತೊಟ್ಟಿಲಿಗೆ ಹಾಕುತ್ತೇವೆ, ಬರಲೇಬೇಕು ಅಂದ. ಇಂಥ ಕರೆ ನನಗೆ ಯಾರೂ ಕೊಡುತ್ತಿರಲಿಲ್ಲ. ಕೊಟ್ಟರೂ ನಾನು ಗೋಡೆಗೆ ಒರಗಿ ಹಿಂದೆ ಕೂರುವವಳು. ಅಂದೂ ಹಾಗೇ ಕೂತೆ. ಅದೇ ಪಡಸಾಲೆ, ಅದೇ ಓಣಿಯ ಹೆಂಗಸರು. ಗುರುಬಾಯವ್ವ ನೇರ ನನ್ನ ಹತ್ತಿರ ಬಂದು ತೊಟ್ಟಿಲ ಹಗ್ಗ ಕೈಗಿಟ್ಟರು.

"ಮೊದಲ ನೀವ ತೂಗಬೇಕ್ರಿ ಅಕ್ಕಾರ. ಕಾಶವ್ವ ದಲಾಲಿ ಅಂತ ಇದನ್ನ ಕೇಳ್ಯಾಳ. ನಾ ಮಾತ ಕೊಟ್ಟೇನಿ."

ಕಾಶವ್ವ ಮೂಲೆಯಲ್ಲಿ ಯಾರದೋ ಕೈ ಹಿಡಿದು ಬಳೆ ಏರಿಸುತ್ತಿದ್ದಳು, ತನಗೇನೂ ಗೊತ್ತಿಲ್ಲದವಳ ಹಾಗೆ. ನನಗೆ ಕಣ್ಣು ಮಂಜಾಗಿ ಮಗು ಕಾಣಲಿಲ್ಲ, ಹಗ್ಗವನ್ನಷ್ಟೇ ಹಿಡಿದು ಎಳೆದೆ. ಮೇಲೆ ಕೊಂಡಿ ಕಿರ್ ಅಂತ ಜೋರಾಗಿ ಕಿರುಗುಟ್ಟಿತು. ಮಗು ಬೆಚ್ಚಿ ಅಳತೊಡಗಿತು.

"ಏನ್ರಿ ಅಕ್ಕಾರ," ಮೂಲೆಯಿಂದ ಗದರಿದಳು ಕಾಶವ್ವ, "ಮಾರೂ ಮುಂದ ಕೊಂಡಿಗೆ ಒಂದೀಟ ಎಣ್ಣಿ ಬಿಡಬಾರದಾ?"

ಪಡಸಾಲೆ ತುಂಬ ನಗು. ನಾನೂ ನಕ್ಕೆ, ಕಣ್ಣೊರೆಸಿಕೊಳ್ಳುತ್ತಲೇ ತೂಗಿದೆ. ನಾವು ಮಾರಿದ ಮನೆಯಲ್ಲಿ ಕಂಡುಬಂದ ದೋಷ ಅದೊಂದೇ.