ಮೋರಿಯ ಮೇಲಿನ ನಾಲ್ಕು ಕಲ್ಲು

ಮಳವಳ್ಳಿಯಿಂದ ದಕ್ಷಿಣಕ್ಕೆ ಹೋದರೆ ಕಾವೇರಿ ಎರಡಾಗಿ ಒಡೆದು, ನಡುವೆ ಒಂದು ತುಂಡು ನೆಲವನ್ನು ಬಿಟ್ಟು, ಎರಡು ಕಡೆಯೂ ಧುಮುಕಿ ಮತ್ತೆ ಒಂದಾಗುತ್ತದೆ. ಆ ತುಂಡು ನೆಲವೇ ಶಿವನಸಮುದ್ರ. ಅಲ್ಲಿ ಗುಡ್ಡವಿದೆ, ಕುರುಚಲು ಕಾಡಿದೆ, ಮಲಗಿದ ರಂಗನಾಥನಿದ್ದಾನೆ, ದರ್ಗಾ ಇದೆ. ಹೊರಗಿನವರು ಕಾರಿನಲ್ಲಿ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಬೀದಿಯ ಶಶಿಧರ ಎಂಟು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿಗೆ ಸೈಕಲ್ಲಿನಲ್ಲಿ ಹೋಗಿ ಬರುತ್ತಾನೆ.

ಹೊಟ್ಟೆಪಾಡಿಗಲ್ಲ, ಹರಕೆಗೂ ಅಲ್ಲ. ಅವನು ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರು. ಊರು ಬೆಸಗರಹಳ್ಳಿ ಕಡೆ, ನೌಕರಿಗಾಗಿ ಇಲ್ಲಿಗೆ, ಮಳವಳ್ಳಿಗೆ ಬಂದವನು. ಮೂವತ್ತೆಂಟಕ್ಕೇ ಸಕ್ಕರೆ ಕಾಯಿಲೆ ಬಂತು. ನಡೆಯಿರಿ ಎಂದರು ಡಾಕ್ಟರು. ನಡೆಯಲು ಬೇಸರವಾಗುತ್ತದೆ ಎಂದು ಇವನು ಪೇಟೆಯ ಸೈಕಲ್ ಷಾಪಿನ ಮುಕರ್ರಂನ ಹತ್ತಿರ ಹೋದ. ಮುಕರ್ರಂ ಯಾರೋ ಮಾರಿದ್ದ ತೆಳು ಟೈರಿನ ಸೈಕಲ್ಲೊಂದನ್ನು ಬಿಚ್ಚಿ, ತೊಳೆದು, ಜೋಡಿಸಿ ಕೊಟ್ಟ. ಕೊಟ್ಟು ಸುಮ್ಮನಾಗದೆ, ಮುಂದಿನ ಭಾನುವಾರ ತಾನೂ ಅಂಥದ್ದೇ ಒಂದನ್ನು ಏರಿ ಬಂದ. ಅಲ್ಲಿಂದ ಇಬ್ಬರೂ ಜೊತೆ.

ಮುಕರ್ರಂನ ತಂದೆ ಬಾಬು ಜಾನ್ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದವರು. ಮಗನ ಕೈ ಅವರಿಗಿಂತ ಒಂದು ಗುಂಜಿ ಮೇಲು. ಚಕ್ರದ ಬೆಂಡು ತೆಗೆಯುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಬಲಗೈಯ ಎರಡು ಬೆರಳಿನಲ್ಲಿ ಕಡ್ಡಿಗಳನ್ನು ಒಂದೊಂದಾಗಿ ಮೀಟಿ, ಸದ್ದು ಕೇಳಿ, ಸಡಿಲವಾದದ್ದನ್ನು ಬಿಗಿಯುತ್ತಿದ್ದ. ಮಂಡ್ಯ, ಮದ್ದೂರಿನಿಂದಲೂ ಬಸ್ಸಿನ ಮೇಲೆ ಚಕ್ರ ಹಾಕಿಕೊಂಡು ಬರುತ್ತಿದ್ದರು. ಆ ಕೈಯಲ್ಲೇ ಅವನ ಮನೆ ನಡೆಯುತ್ತಿತ್ತು.

ಭಾನುವಾರದ ಕ್ರಮ ಹೀಗೆ. ಶಶಿಧರ ಏರಿನಲ್ಲಿ ನಿಧಾನ, ಹಾಗಾಗಿ ಕತ್ತಲಿರುವಾಗಲೇ ಹೊರಡುವುದು. ಮುಕರ್ರಂ ಬೆಳಗಿನ ನಮಾಜು ಮುಗಿಸಿ, ಮನೆಯಲ್ಲಿ ಟೀ ಕುಡಿದು ಹೊರಡುವುದು. ಅವನ ತುಳಿತ ಗಾಳಿಯಂತೆ. ದ್ವೀಪದ ಸೇತುವೆ ದಾಟಿದ ಕೂಡಲೇ ಸಿಗುವ ದೇವೀರಮ್ಮನ ಟೀ ಅಂಗಡಿಯಲ್ಲಿ ಇಬ್ಬರೂ ಸೇರುವುದು. ದೊಡ್ಡ ರಸ್ತೆಯಲ್ಲಿ ಲಾರಿಗಳ ಕಾಟವೆಂದು ಹಳ್ಳಿಗಳ ಒಳದಾರಿ ಹಿಡಿಯುತ್ತಿದ್ದರು. ಸೇತುವೆಗೆ ನಾಲ್ಕೈದು ಕಿಲೋಮೀಟರು ಮುಂಚೆ ಒಂದು ಉದ್ದನೆಯ ಇಳುಕಲು. ಅದರ ಬುಡದಲ್ಲಿ ಹಳ್ಳ, ಹಳ್ಳಕ್ಕೆ ಒಂದು ಹಳೆಯ ಮೋರಿ.

ಆಷಾಢ ಶ್ರಾವಣದಲ್ಲಿ ಆ ಇಳುಕಲಿನ ನೆತ್ತಿಗೇ ಹೊಳೆಯ ಮೊರೆತ ಕೇಳುತ್ತದೆ. ಅಣೆಕಟ್ಟೆಯಲ್ಲಿ ನೀರು ಬಿಟ್ಟ ವಾರ ದ್ವೀಪದ ನೆಲ ಕಾಲಡಿಯಲ್ಲಿ ಅದುರುತ್ತದೆ ಎನ್ನುತ್ತಿದ್ದ ಶಶಿಧರ. ಕಾರ್ತೀಕದಲ್ಲಿ ಮಂಜು. ಕಬ್ಬು ಕಡಿಯುವ ಕಾಲಕ್ಕೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಕಟ್ಟಿಕೊಂಡು ತೂರಾಡುತ್ತಾ ಬರುತ್ತವೆ. ಚೈತ್ರ ಕಳೆದರೆ ನೀರಿಲ್ಲದ ಬಂಡೆಗಳು ಮೂಳೆಯ ಹಾಗೆ ಬೆಳ್ಳಗೆ ಕಾಣುತ್ತವೆ. ಆದರೆ ಇವರಿಬ್ಬರೂ ಹೆದರುತ್ತಿದ್ದದ್ದು ಇದ್ಯಾವುದಕ್ಕೂ ಅಲ್ಲ, ಪುಷ್ಯ ಮಾಸದ ಒಕ್ಕಣೆಗೆ.

ನಮ್ಮ ಕಡೆ ಕಣ ಮಾಡುವುದು ನಿಂತು ಕಾಲವಾಯಿತು. ಹುರುಳಿ, ರಾಗಿ ಕಿತ್ತು ತಂದು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು, ಲಾರಿ ಹತ್ತಿ ಹತ್ತಿ ಕಾಳು ಉದುರುತ್ತದೆ. ಗಾಡಿಗಳು ಕೆಲಸ ಮಾಡುವವರ ಮೇಲೆ ಬಾರದಿರಲೆಂದು ಅಂಚಿಗೆ ದಪ್ಪ ಕಲ್ಲುಗಳನ್ನು ಇಡುತ್ತಾರೆ. ಸಂಜೆ ಕಾಳು ಗುಡಿಸಿಕೊಂಡು ಹೋಗುವಾಗ ಕಲ್ಲುಗಳು ಅಲ್ಲೇ ಉಳಿಯುತ್ತವೆ. ಮೊದಲ ವರ್ಷ ಅಂಥದ್ದೊಂದು ಕಲ್ಲಿಗೆ ಹೊಡೆದು ಶಶಿಧರನ ಗದ್ದ ಸೀಳಿತ್ತು. ಅಂದಿನಿಂದ ಅವನು ಕಂಡ ಕಲ್ಲನ್ನೆಲ್ಲ ಇಳಿದು ಎತ್ತಿ ಹಳ್ಳಕ್ಕೆ ಉರುಳಿಸುವುದನ್ನು ವ್ರತದ ಹಾಗೆ ಹಿಡಿದ.

ಆ ಮೋರಿಯ ಹತ್ತಿರ ಒಕ್ಕಣೆ ಮಾಡುತ್ತಿದ್ದ ಚಿಕ್ಕಮಾದಮ್ಮ ಎಂಬ ಮುದುಕಿ ಒಂದು ದಿನ ಸೊಂಟಕ್ಕೆ ಕೈ ಕೊಟ್ಟು ನಿಂತಳಂತೆ.

"ಏನಪ್ಪಾ, ಈ ರೋಡು ನಿಮ್ಮಪ್ಪ ಆಕ್ಸಿದ್ದಾ?"

"ಯಾರಾದ್ರೂ ಬಿದ್ದು ಸಾಯ್ತಾರೆ ಕಣವ್ವ."

"ಕಲ್ಲಿಕ್ದಿದ್ರೆ ಲಾರಿಯೋನು ನನ್ ಮ್ಯಾಲೇ ಅತ್ತಿಸ್ಕಂಡು ಓಯ್ತಾನೆ, ಅವಾಗ ಸಾಯೋದು ನಾನು. ಅಲ್ಲಾ, ಗಳಿಕೆ ಇಲ್ಲ ಏನಿಲ್ಲ, ಸುಮ್ಕೆ ತುಳೀತೀಯಲ್ಲ, ನಮ್ ಉರುಳಿ ಮ್ಯಾಲೆ ನಾಕು ಸುತ್ತು ತುಳುದ್ರೆ ಕಾಳಾದ್ರೂ ಉದುರ್ತವೆ!"

ಮುಕರ್ರಂ ಇದನ್ನು ಊರೆಲ್ಲ ಹೇಳಿಕೊಂಡು ನಕ್ಕ. ನಕ್ಕರೂ ಅವನಿಗೆ ಅದರಿಂದ ಒಂದು ಲಾಭವಿತ್ತು. ಶಶಿಧರ ಮುಂದೆ ಹೋದ ದಾರಿಯಲ್ಲಿ ಅವನು ಬ್ರೇಕು ಮುಟ್ಟುತ್ತಿರಲಿಲ್ಲ. "ನೀನು ಓಗಿದೀಯ ಅಂದ್ರೆ ರೋಡು ಕ್ಲೀನು ಕಣ್ಲಾ, ನಾನು ಕಣ್ಮುಚ್ಕಂಡು ಬತ್ತೀನಿ" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಶಶಿಧರನಿಗೆ ಹೆಮ್ಮೆಯಾಗುತ್ತಿತ್ತಂತೆ. ಆ ಹೆಮ್ಮೆಯನ್ನು ಅವನೇ ಒಪ್ಪಿಕೊಂಡು ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಮಂಜು ದಟ್ಟವಾಗಿತ್ತು. ಶಶಿಧರ ಇಳುಕಲು ಇಳಿದು ಮೋರಿಯ ಹತ್ತಿರ ಬಂದಾಗ ಹ್ಯಾಂಡಲಿನ ಲೈಟಿನಲ್ಲಿ ಕಾಳು ಉದುರಿದ ಹುರುಳಿಯ ಒಣ ಸೊಪ್ಪೆ ಕಂಡಿತು. ರಸ್ತೆಯ ಎಡಭಾಗದಲ್ಲೆಲ್ಲ ಚೆಲ್ಲಿತ್ತು. ಅದರ ಸುತ್ತ ನಾಲ್ಕು ಕಲ್ಲು. ನಡುವೆ ಎಲೆಯಿಲ್ಲದ ಒಂದು ಕೋಲು ವಾಲಿಕೊಂಡಿತ್ತು. ಮನಸ್ಸಿನಲ್ಲೇ ಆ ಮುದುಕಿಯನ್ನು ಬೈದುಕೊಂಡು ಸೈಕಲ್ ನಿಲ್ಲಿಸಿದ. ಕಲ್ಲುಗಳು ಎಂದಿಗಿಂತ ದಪ್ಪ. ಒಂದೊಂದನ್ನೂ ಎರಡು ಕೈಯಲ್ಲಿ ಉರುಳಿಸಿ ಹಳ್ಳಕ್ಕೆ ತಳ್ಳಿದ. ಕೋಲನ್ನೂ ಕಿತ್ತು ಎಸೆದ. ಕೋಲು ಸಲೀಸಾಗಿ ಬಂದುಬಿಟ್ಟಿತು. ಟಾರು ರಸ್ತೆಯಲ್ಲಿ ಕೋಲು ಹೇಗೆ ನಾಟಿಕೊಂಡಿತ್ತು ಎಂದು ಅವನು ಯೋಚಿಸಲಿಲ್ಲ. ಸೊಪ್ಪೆಯನ್ನು ಕಾಲಿನಲ್ಲಿ ಸರಿಸಲೂ ಇಲ್ಲ. ಕೈ ಒರೆಸಿಕೊಂಡು ಹೊರಟ.

ದೇವೀರಮ್ಮ ಒಲೆ ಹಚ್ಚಿ ಹಾಲಿಟ್ಟಿದ್ದಳು. ಶಶಿಧರನನ್ನು ಅವಳು ಮೇಷ್ಟ್ರೇ ಎಂದೇ ಕರೆಯುವುದು.

"ಬನ್ನಿ ಮೇಷ್ಟ್ರೇ. ಎಲ್ಲಿ ನಿಮ್ ಸಾಯ್ಬ?"

"ನಾನು ಮೇಷ್ಟ್ರಲ್ಲ ಕಣವ್ವ, ಬಾಟ್ಲಿ ತೊಳ್ಯೋನು ಅಂತ ಎಷ್ಟ್ ಸಲ ಹೇಳ್ಬೇಕು? ಅವನು ಬತ್ತಾವ್ನೆ ಹಿಂದೆ."

"ಬಾಟ್ಲಿ ತೊಳ್ಯೋನೇ ಇಂಗೆ ಮಿರಮಿರ ಬಟ್ಟೆ ಆಕಂಡು ಬಂದ್ರೆ ಮೇಷ್ಟ್ರು ಎಂಗಿರಬೈದೋ!" ಎಂದು ನಕ್ಕು ಲೋಟ ಕೊಟ್ಟಳು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಅದ್ಸರಿ, ಆ ಮೋರಿತವ ಉಸಾರಾಗಿ ಬಂದ್ರಾ?" ಎಂದಳು.

"ಯಾವ ಮೋರಿ?"

"ಅದೇ, ಇಳುಕ್ಲು ಬುಡದ್ದು. ನಮ್ಮಣ್ಣ ಮುದ್ದಯ್ಯನ ಒಲ ಅಲ್ಲೇ ಅಲ್ವಾ. ನೆನ್ನೆ ಸಾಯಂಕಾಲ ಕಬ್ಬಿನ ಟ್ರ್ಯಾಕ್ಟ್ರು ಅತ್ತಿ ಚಪ್ಪಡಿ ಮುರ್ದು ಒಳಕ್ಕೋಗ್ಬುಡ್ತಂತೆ, ಆಳುದ್ದ ಗುಂಡಿ. ಮಂದಿ ಬಿದ್ದಾರು ಅಂತ ಸುತ್ತ ಕಲ್ಲಿಕ್ಕಿ, ಗುಂಡಿಯೊಳಕ್ಕೆ ಎಲೆ ಇರೋ ಅಗಸೆ ಕೊಂಬೆ ನೆಟ್ಟು ಬಂದಿವ್ನಿ ಅಂದ."

ಶಶಿಧರ ಲೋಟ ಕೆಳಗಿಟ್ಟ. ಅಗಸೆ ಸೊಪ್ಪು ಎಂದರೆ ಆಡುಗಳಿಗೆ ಪ್ರಾಣ, ಸಂಜೆ ಮನೆಗೆ ಮರಳುವಾಗ ಎಲೆಯನ್ನೆಲ್ಲ ಮೇದಿದ್ದವು. ಎಲೆಯಿಲ್ಲದ ಆ ಕೋಲು ಈಗ ಅವನ ಕಣ್ಣ ಮುಂದೆ ನಿಂತಿತು. ಒಕ್ಕಣೆಯ ಸೊಪ್ಪೆ ರಾತ್ರಿಯ ಗಾಳಿಗೆ ಬಂದು, ಮುರಿದ ಚಪ್ಪಡಿಯ ತುಂಡುಗಳಿಗೆ ಸಿಕ್ಕಿಕೊಂಡು ಗುಂಡಿಯ ಬಾಯಿಯನ್ನು ಮುಚ್ಚಿತ್ತು. ಉಳಿದಿದ್ದ ಗುರುತು ಆ ಕಲ್ಲುಗಳು ಮಾತ್ರ. ಅವನ್ನು ಇವನೇ ಕೈಯಾರೆ ತಳ್ಳಿ ಬಂದಿದ್ದ.

ಫೋನು ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಮುಕರ್ರಂ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೆನ್ನ ಜೇಬಿಗೆ ಹಾಕಿಕೊಳ್ಳುವವನು. ಗಾಳಿಯಲ್ಲಿ ಅವನಿಗೆ ಕೇಳಿಸುವುದಿಲ್ಲ. ದೇವೀರಮ್ಮ ತನ್ನ ಅಣ್ಣನಿಗೆ ಮಾಡಿದಳು. ಅವನು ಫೋನು ಮನೆಯಲ್ಲಿ ಬಿಟ್ಟು ದನದ ಹತ್ತಿರ ಹೋಗಿದ್ದಾನೆ ಎಂದು ಅತ್ತಿಗೆ ಹೇಳಿದಳು.

"ಏನಾಯ್ತು ಮೇಷ್ಟ್ರೇ?"

"ಕಲ್ಲು ಎತ್ಬುಟ್ಟೆ ಕಣವ್ವ" ಎಂದಷ್ಟೇ ಹೇಳಿ ಸೈಕಲ್ ತಿರುಗಿಸಿದ.

ಅಲ್ಲಿಯವರೆಗೆ ಅಷ್ಟು ಜೋರಾಗಿ ಎಂದೂ ತುಳಿದಿರಲಿಲ್ಲವಂತೆ. ಸೇತುವೆಯ ಮೇಲೆ ಮಂಜಿನಲ್ಲಿ ನೀರು ಕಾಣಲಿಲ್ಲ, ಅದರ ಸದ್ದು ಮಾತ್ರ ಕೆಳಗೆ ಓಡುತ್ತಿತ್ತು. ಗಡಿಯಾರ ನೋಡಬಾರದು ಎಂದುಕೊಂಡೇ ನೋಡಿದ. ಮುಕರ್ರಂ ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಎಲ್ಲಿ ಇರುತ್ತಾನೆ ಎಂಬುದು ಅವನಿಗೆ ಬಾಯಿಪಾಠ. ರಂಗನಾಥಾ, ಇವತ್ತು ಅವನ ಟೈರು ಪಂಕ್ಚರ್ ಮಾಡಪ್ಪ ಎಂದು ಬೇಡಿಕೊಂಡ. ಗೆಳೆಯನ ಸೈಕಲ್ ಕೆಡಲಿ ಎಂದು ದೇವರನ್ನು ಬೇಡಿದವನು ತಾನೊಬ್ಬನೇ ಇರಬೇಕು ಎಂದು ನನ್ನ ಹತ್ತಿರ ಹೇಳುವಾಗ ನಗಲು ಹೋಗಿ ಅವನಿಗೆ ಆಗಲಿಲ್ಲ.

ಮೋರಿ ಇನ್ನೂರು ಗಜ ಇರುವಾಗ ಮಂಜು ಸ್ವಲ್ಪ ಹರಿಯಿತು. ಇಳುಕಲಿನ ಅರ್ಧದಲ್ಲಿ ಹಳದಿ ಅಂಗಿ ಕಾಣಿಸಿತು. ಮುಕರ್ರಂ ಹ್ಯಾಂಡಲಿನ ಮೇಲೆ ಬಾಗಿ, ಕಾಲು ನಿಲ್ಲಿಸಿ, ಸುಮ್ಮನೆ ಜಾರಿ ಬರುತ್ತಿದ್ದ. ಶಶಿಧರ ಗಂಟಲು ಹರಿಯುವ ಹಾಗೆ ಕೂಗಿದ.

"ನಿಲ್ಲೋ ಮುಕ್ರಂ! ನಿಲ್ಲಲೋ!"

ಎದುರಿಗೆ ಗೆಳೆಯ ಬರುತ್ತಿರುವುದನ್ನು ಕಂಡು ಮುಕರ್ರಂ ಬಲಗೈ ಎತ್ತಿ ಆಡಿಸಿದ. ಆ ಕೈ ಇಳಿಯುವುದರೊಳಗೆ ಮುಂದಿನ ಚಕ್ರ ಸೊಪ್ಪೆಯೊಳಗೆ ಹೋಯಿತು.

ಜೀವ ಉಳಿಯಿತು. ಹೆಲ್ಮೆಟ್ ಎರಡು ಹೋಳಾಗಿತ್ತು. ಗುಂಡಿಯಲ್ಲಿ ಮುರಿದ ಚಪ್ಪಡಿಗೂ ಸೈಕಲ್ಲಿಗೂ ನಡುವೆ ಬಲಗೈ ಸಿಕ್ಕಿಕೊಂಡಿತ್ತು. ಮಳವಳ್ಳಿಯಿಂದ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಣಿಕಟ್ಟಿಗೆ ರಾಡು ಹಾಕಿದರು. ತೋರುಬೆರಳು, ನಡುಬೆರಳು ಇನ್ನು ಮಡಿಸುವುದು ಕಷ್ಟ ಎಂದರು.

ಮೂರನೆಯ ದಿನ ಮುದ್ದಯ್ಯ ನಾಲ್ಕು ಎಳನೀರು ಹಿಡಿದು ಆಸ್ಪತ್ರೆಗೆ ಬಂದ. ಆ ಹೊತ್ತಿಗೆ ಊರವರೆಲ್ಲ ಅವನನ್ನೇ ಬೈಯುತ್ತಿದ್ದರು. ಗುಂಡಿ ಬಿದ್ದದ್ದು ಗೊತ್ತಿದ್ದೂ ಒಂದು ಕಲ್ಲಾದರೂ ಇಡಲಿಲ್ಲವಲ್ಲ ಎಂದು. ಅವನು ಮಂಚದ ಕಾಲಿನ ಹತ್ತಿರ ನಿಂತೇ ಇದ್ದ. ಮುಕರ್ರಂನ ಹೆಂಡತಿ ಮಾಹೀನ್ ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ರಂಗನಾಥನಾಣೆ ಕಣವ್ವ, ನಾಕು ಕಲ್ಲಿಕ್ಕಿದ್ದೆ. ನನ್ ಮಕ್ಕಳಾಣೆ. ಯಾವ ಮುಂಡೇಮಗ ಎತ್ತಿದ್ನೋ ಕಾಣೆ, ಅವನ್ ಕೈ ಸೇದೋಗ."

ಶಶಿಧರ ಕಿಟಕಿಯ ಹತ್ತಿರ ಇದ್ದ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದೇವೀರಮ್ಮ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಮೂರು ದಿನದಿಂದ ಅವನು ಹೇಳಬೇಕೆಂದು ಬಾಯಿ ತೆರೆದು ಮುಚ್ಚಿದ್ದ. ಈಗ ಆ ಮುದುಕನ ಕಣ್ಣಲ್ಲಿ ನೀರು ಕಂಡು ಹೇಳಿಬಿಟ್ಟ.

"ಆಣೆ ಹಾಕ್ಬೇಡಿ ಮುದ್ದಯ್ಯನೋರೆ. ಎತ್ತಿದ್ದು ನಾನು."

ಮುದ್ದಯ್ಯ ತಾನಾಡಿದ ಶಾಪವನ್ನು ನುಂಗಿಕೊಳ್ಳುವವನಂತೆ ಬಾಯಿಗೆ ಟವೆಲ್ಲು ಒತ್ತಿಕೊಂಡ. ಮುಕರ್ರಂ ಛಾವಣಿ ನೋಡುತ್ತಾ ಮಲಗಿದ್ದ.

"ನಂಗೊತ್ತು ಕಣ್ಲಾ" ಎಂದ. "ಆ ದಾರೀಲಿ ಕಲ್ಲು ಎತ್ತೋ ಹುಚ್ಚ ಇನ್ಯಾವನವ್ನೆ? ನೀನಾಗೇ ಹೇಳ್ತೀಯೋ ಇಲ್ವೋ ಅಂತ ಕಾಯ್ತಿದ್ದೆ."



ನಾಲ್ಕು ತಿಂಗಳು ಅಂಗಡಿ ಮುಚ್ಚಿತ್ತು. ಈಗ ತೆರೆದಿದೆ. ಪಂಕ್ಚರು, ಗಾಳಿ, ಚೈನು ನಡೆಯುತ್ತವೆ. ಬೆಂಡು ತೆಗೆಯಲು ಚಕ್ರ ತಂದವರನ್ನು ಮುಕರ್ರಂ ಮಂಡ್ಯಕ್ಕೆ ಕಳಿಸುತ್ತಾನೆ. ಕಾಲೇಜು ಬಿಟ್ಟ ಮೇಲೆ ಶಶಿಧರ ದಿನವೂ ಒಂದು ಗಂಟೆ ಅಲ್ಲಿ ಕೂತು, ಅವನು ಹೇಳಿದಂತೆ ಕಡ್ಡಿ ಬಿಗಿಯುತ್ತಾನೆ. "ಕಿವಿ ಇಲ್ಲ ನಿಂಗೆ, ಬುಡು" ಎಂದು ಬೈಸಿಕೊಳ್ಳುತ್ತಾನೆ. ಬೈದರೆ ಅವನಿಗೆ ಸಮಾಧಾನ. ಬೈಯದ ದಿನ ಮನೆಗೆ ಬಂದು ಊಟ ಮಾಡುವುದಿಲ್ಲ ಎಂದು ಅವನ ಹೆಂಡತಿ ನಯನ ಹೇಳಿದ್ದಾಳೆ.

ಈಗ ರಸ್ತೆಯಲ್ಲಿ ಕಲ್ಲು ಕಂಡರೆ ಶಶಿಧರ ಇಳಿದು, ಹತ್ತಿರದ ಮನೆಯ ಬಾಗಿಲು ತಟ್ಟಿ, ಯಾರಿಟ್ಟದ್ದು, ಏತಕ್ಕೆ ಇಟ್ಟದ್ದು ಎಂದು ಕೇಳುತ್ತಾನೆ. ಉತ್ತರ ಸಿಗದಿದ್ದರೆ ಮುಟ್ಟುವುದಿಲ್ಲ. ಚಿಕ್ಕಮಾದಮ್ಮ ಈಗ ಅವನನ್ನು ಕಂಡರೆ ತಾನೇ ಎದ್ದು ಬಂದು ಕಲ್ಲು ಸರಿಸುತ್ತಾಳಂತೆ. ಅದನ್ನು ಕಂಡರೆ ಇವನಿಗೆ ಇನ್ನಷ್ಟು ಸಂಕಟ.

ಈ ಶ್ರಾವಣದಲ್ಲಿ ಮುಕರ್ರಂ ಮತ್ತೆ ಸೈಕಲ್ ಏರಿದ. ಯಾರು ಬೇಡವೆಂದರೂ ಕೇಳಲಿಲ್ಲ. ಬಲಗೈ ಬ್ರೇಕು ಹಿಡಿಯುವುದಿಲ್ಲವೆಂದು ಎರಡು ಚಕ್ರದ ಬ್ರೇಕನ್ನೂ ಎಡಗೈಗೇ ಸೇರಿಸಿಕೊಂಡಿದ್ದಾನೆ. ಹೋದ ಭಾನುವಾರ ಮಳೆ ಹನಿಯುತ್ತಿತ್ತು. ಇಳುಕಲಿನ ನೆತ್ತಿಯಲ್ಲಿ ಶಶಿಧರ, "ಇಳ್ಕಂಡು ತಳ್ಕಂಡು ಓಗಾಣ ಕಣ್ಲಾ" ಎಂದ.

"ನೀನು ಮುಂದೆ ನಡಿ" ಎಂದ ಮುಕರ್ರಂ. "ಯಾವಾಗ್ಲೂ ನೀನೇ ಅಲ್ವಾ ಮುಂದೆ?"

ಶಶಿಧರ ಮುಂದೆ ಇಳಿದ. ಮೋರಿಗೆ ಈಗ ಹೊಸ ಚಪ್ಪಡಿ ಹಾಕಿದ್ದಾರೆ. ಅದರ ಮೇಲೆ ನೀರು ನಿಂತಿತ್ತು, ಅಡಿಯಲ್ಲಿ ಏನಿದೆಯೆಂದು ಕಾಣುವಂತಿರಲಿಲ್ಲ. ಅವನು ಇಳಿದು, ಕಾಲಿನಿಂದ ಆ ನೀರನ್ನೆಲ್ಲ ತಡವಿ ನೋಡಿ, ತಿರುಗಿ ನಿಂತ. ಮೇಲಿನಿಂದ ಒಂದೇ ಕೈಯ ಬ್ರೇಕಿನ ಕೀರಲು ಸದ್ದು ಇಳಿದು ಬರುತ್ತಿತ್ತು. ಅರ್ಧ ದಾರಿಗೆ ಬಂದು ಆ ಸದ್ದು ನಿಂತಿತು. ಮುಕರ್ರಂ ಬ್ರೇಕು ಬಿಟ್ಟಿದ್ದ.