ಮಿಸ್ ಅವರನ್ನು ಓಡಿಸಿದ ಬೆಳಿಗ್ಗೆ

ನಾನು ಟೆನಿಸ್ ಆಟಕ್ಕೆ ಬಿದ್ದದ್ದು ನನ್ನದೇ ಅವಸರದಿಂದ. ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ ನನಗೆ ಗುಮಾಸ್ತೆಯ ಕೆಲಸ. ನೌಕರರ ಜಿಲ್ಲಾ ಕ್ರೀಡಾಕೂಟದ ಅರ್ಜಿ ಬಂದ ದಿನ, ಬಸ್ಸಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ, ಥ್ರೋಬಾಲ್ ಮುಂದೆ ಹಾಕಬೇಕಿದ್ದ ಗುರುತನ್ನು ಟೆನಿಸ್ ಮುಂದೆ ಹಾಕಿ ಕಳಿಸಿಬಿಟ್ಟೆ. ತುಮಕೂರಿನ ಮೈದಾನದಲ್ಲಿ ಹೆಸರು ಕೂಗಿದಾಗಲೇ ಗೊತ್ತಾದದ್ದು. ಕೈಯಲ್ಲಿ ರ‍್ಯಾಕೆಟ್ ಕೂಡ ಇಲ್ಲ. ಎದುರಿಗೆ ನಿಂತಿದ್ದವರು ಕುಣಿಗಲ್ ಕಡೆಯ ಹೈಸ್ಕೂಲೊಂದರ ಗಣಿತದ ಟೀಚರ್. ಅವರ ಹತ್ತಿರ ಓದದವರೂ ಅವರನ್ನು ಮಿಸ್ ಎಂದೇ ಕರೆಯುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ನಕ್ಕು, ಪುಕ್ಕಟೆ ಗೆದ್ದು ಹೋಗುತ್ತಿದ್ದರು. ಮಿಸ್ ತಮ್ಮ ಚೀಲದಿಂದ ಇನ್ನೊಂದು ರ‍್ಯಾಕೆಟ್ ತೆಗೆದು ನನ್ನ ಕೈಗಿಟ್ಟರು.

“ಹಂಗಲ್ಲ ಕಣೇ, ಸೌಟು ಹಿಡ್ಕೊಂಡಂಗೆ ಹಿಡ್ಕೊಂಡಿದೀಯ. ಯಾರಿಗಾದ್ರೂ ಕೈ ಕುಲುಕ್ತೀವಲ್ಲ, ಹಂಗೆ ಹಿಡ್ಕೋ.”

ಅವತ್ತು ನನ್ನನ್ನು ಆರು-ಸೊನ್ನೆಯಲ್ಲಿ ಸೋಲಿಸಿದರು. ರ‍್ಯಾಕೆಟ್ ವಾಪಸ್ ಕೊಡಲು ಹೋದರೆ, “ಇಟ್ಕೋ, ಬರೋ ವರ್ಷ ಬೇಕಾಗುತ್ತೆ” ಎಂದರು. ಸಿಡುಕುವುದೊಂದು ಬಿಟ್ಟರೆ ಬೇರೆ ವ್ಯಾಯಾಮವೇ ಇಲ್ಲದ ಹೆಂಗಸಿಗೆ ಅವರೊಂದು ಆಟ ಕೊಟ್ಟರು. ಆ ಉಪಕಾರವನ್ನು ನಾನು ಮರೆಯುವವಳಲ್ಲ.

ಆಮೇಲೆ ಹುಚ್ಚು ಹಿಡಿಯಿತು. ಬೆಳಿಗ್ಗೆ ಐದೂವರೆಗೆ ಎದ್ದು ಆಡಿ, ಮನೆಗೆ ಬಂದು ಅಡುಗೆ ಮುಗಿಸಿ, ಒದ್ದೆ ಕೂದಲಲ್ಲೇ ಗುಬ್ಬಿ ಬಸ್ ಹತ್ತುತ್ತಿದ್ದೆ. ಎರಡು ವರ್ಷದಲ್ಲಿ ಉಳಿದವರನ್ನೆಲ್ಲ ಸೋಲಿಸುವಷ್ಟಾದೆ. ಮಿಸ್ ಅವರನ್ನು ಮಾತ್ರ ಆಗಲಿಲ್ಲ. ಪ್ರತಿ ವರ್ಷ ಫೈನಲ್‌ನಲ್ಲಿ ಅವರೇ, ಪ್ರತಿ ವರ್ಷ ಸೋಲು. ಗೆದ್ದ ಒಬ್ಬರಷ್ಟೇ ರಾಜ್ಯಮಟ್ಟದ ಕೂಟಕ್ಕೆ ಹೋಗುವುದು. ಒಂದೇ ಒಂದು ಸಲ ಅಲ್ಲಿಗೆ ಹೋಗಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಹೇಳಿಕೊಳ್ಳಲೂ ನಾಚಿಕೆಯಾಗುತ್ತಿತ್ತು.

ಮಿಸ್ ಜೋರಾಗಿ ಹೊಡೆಯುವವರೇ ಅಲ್ಲ. ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ನಿಂತು, ಬಂದ ಚೆಂಡನ್ನೆಲ್ಲ ಕೆಳಗಿನಿಂದ ಸವರಿ ಹಿಂದಕ್ಕೆ ಕಳಿಸುತ್ತಿದ್ದರು. ಕೊನೆಗೆ ಎದುರಿನವರೇ ತಾಳ್ಮೆ ಕಳೆದುಕೊಂಡು ನೆಟ್‌ಗೆ ಹೊಡೆಯಬೇಕು. ಚೆಂಡು ಎಲ್ಲಿಗೆ ಬರುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ, ಗಣಿತದವರಲ್ಲವೇ ಎಂದು ಎಲ್ಲರೂ ಹೊಗಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ.

ಆ ನಂಬಿಕೆ ಕೆಡಿಸಿದವರು ನನ್ನ ಗಂಡ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಮಷೀನ್ ಆಪರೇಟರ್. ಟೆನಿಸ್‌ನ ಲೆಕ್ಕವೇ ಅವರಿಗೆ ಇವತ್ತಿಗೂ ತಿಳಿಯದು. ನಾನು ಸೋತು ಬಂದ ಒಂದು ಸಂಜೆ, ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯ ಟೆರೇಸ್ ಮೇಲೆ ಸೀಮೆಸುಣ್ಣದಲ್ಲಿ ಕೋರ್ಟ್ ಬರೆದರು. ಮಿಸ್ ಬದಲಿಗೆ ಒಂದು ಸ್ಟೀಲ್ ಲೋಟ ಇಟ್ಟರು. ಅವತ್ತು ಮ್ಯಾಚ್ ನೋಡಲು ಬಂದಿದ್ದರು; ನಾನು ಹೊಡೆದ ಚೆಂಡುಗಳು ಬಿದ್ದ ಕಡೆಯೆಲ್ಲ ನೆನಪಿಟ್ಟುಕೊಂಡು ಒಂದೊಂದು ಹುಣಸೆಬೀಜ ಇಡುತ್ತಾ ಹೋದರು. ಬೀಜಗಳೆಲ್ಲ ಲೋಟದ ಸುತ್ತಲೇ ಗುಡ್ಡೆಯಾದವು.

“ನೋಡೇ, ಅವ್ರು ಎಲ್ಲಿಗೂ ಹೋಗಲ್ಲ. ಬಾಲೇ ಅವ್ರ ಹತ್ರ ಹೋಗುತ್ತೆ. ನೀನು ದೊಡ್ಡೋರ್‌ಗೆ ಕಾಫಿ ಕೊಟ್ಟಂಗೆ ಕೈಗೇ ಕೊಡ್ತಾ ಇದೀಯ.”

“ಸುಮ್ನಿರ್ರೀ, ಬ್ಯಾಟು ಯಾವ್ದು ರ‍್ಯಾಕೆಟ್ ಯಾವ್ದು ಗೊತ್ತಿಲ್ಲ ನಿಮ್ಗೆ” ಎಂದು ರೇಗಿದೆ. ರೇಗಿದ್ದು ಯಾಕೆಂದರೆ ಅವರು ಹೇಳಿದ್ದು ನಿಜ. ವಯಸ್ಸಾದವರನ್ನು ಓಡಿಸಬಾರದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಕೈಗೆ ಅದು ತಾನಾಗಿ ಗೊತ್ತಿತ್ತು.

ಅಲ್ಲಿಂದ ಇಬ್ಬರೂ ಲೋಟ ಇಟ್ಟುಕೊಂಡು ಕೂತೆವು. ಮೊದಲ ಎರಡು ಚೆಂಡು ಮಿಸ್ ಅವರ ಎಡಮೂಲೆಗೆ, ಬ್ಯಾಕ್‌ಹ್ಯಾಂಡ್‌ಗೆ, ಉದ್ದಕ್ಕೆ. ಲೋಟ ಎಡಕ್ಕೆ ಸರಿಯುತ್ತದೆ. ಮೂರನೆಯದು ಬಲಗಡೆ, ನೆಟ್ ಪಕ್ಕದಲ್ಲೇ ಮೆತ್ತಗೆ. ಲೋಟ ಮುಂದಕ್ಕೆ ಓಡಿ ಬರುತ್ತದೆ. ನಾಲ್ಕನೆಯದು ತಲೆಯ ಮೇಲಿಂದ ಹಿಂದಕ್ಕೆ. ಆ ವರ್ಷವಿಡೀ ಬೆಳಿಗ್ಗೆ ಅದನ್ನೇ ರೂಢಿ ಮಾಡಿದೆ. ಮೊದಲ ಪಾಳಿ ಮುಗಿಸಿ ಬಂದು, ಊಟ ಮಾಡಿ, ಬಿಸಿಲು ತಗ್ಗಿದ ಮೇಲೆ ನನ್ನೊಡನೆ ಆ ಹುಣಸೆಬೀಜದಾಟ ಆಡಿದ ಮನುಷ್ಯನಿಗೆ ನಾನು ನೆಟ್ಟಗೆ ಒಂದು ಥ್ಯಾಂಕ್ಸ್ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಅಷ್ಟರಲ್ಲಿ ಸುದ್ದಿ ಬಂತು: ಮಿಸ್ ಅವರ ನಿವೃತ್ತಿ ಹತ್ತಿರವಾಗಿದೆ, ಅವರಿಗೆ ಇದೇ ಕೊನೆಯ ಕೂಟ. ಕಚೇರಿಯಲ್ಲಿ, ಬಸ್ಸಿನಲ್ಲಿ, ಎಲ್ಲರದೂ ಒಂದೇ ಮಾತು. “ಈ ಸಲ ಬಿಟ್ಕೊಡಿ ಮೇಡಂ. ನಿಮ್ಗೇನು, ಇನ್ನೂ ವರ್ಷಗಳಿವೆ.” ಆಟ ಕೊಟ್ಟವರ ಕೊನೆಯ ಆಟವನ್ನೇ ಕಿತ್ತುಕೊಳ್ಳುವುದೇ ಎಂದು ನನಗೆ ಸಂಕಟ.

ಫೈನಲ್ ಬೆಳಿಗ್ಗೆಯೇ ಇತ್ತು. ಒಂದೇ ಸೆಟ್. ಆ ಸಂಕಟದಲ್ಲೇ ಆಡುತ್ತಾ ಮತ್ತೆ ಕೈಗೇ ಕೊಟ್ಟೆ, ಒಂದು-ನಾಲ್ಕರಲ್ಲಿ ಹಿಂದೆ ಬಿದ್ದೆ. ಬೇಲಿಯ ಆಚೆ ರಜೆ ಹಾಕಿ ಬಂದು ನಿಂತಿದ್ದ ಗಂಡ ಹಣೆ ಒರೆಸಿಕೊಂಡರು. ನನಗೆ ನನ್ನ ಮೇಲೇ ಸಿಟ್ಟು ಬಂತು. ಮುಂದಿನ ಪಾಯಿಂಟ್‌ನಲ್ಲಿ ಎಡಕ್ಕೆ, ಮತ್ತೆ ಎಡಕ್ಕೆ, ಬಲಗಡೆ ಮೆತ್ತಗೆ, ತಲೆಯ ಮೇಲೆ. ಮಿಸ್ ಓಡಿದರು. ಚೂಡಿದಾರದ ವೇಲ್ ಸೊಂಟಕ್ಕೆ ಬಿಗಿದುಕೊಂಡು ಮತ್ತೆ ಓಡಿದರು. ಮೂರು ಗೇಮ್ ನನ್ನವಾದವು. ನಾಲ್ಕು-ನಾಲ್ಕು.

ಆಗ ನೋಡುತ್ತಿದ್ದವರಲ್ಲಿ ಒಬ್ಬ ಹೆಂಗಸು ಕೂಗಿದರು: “ಏನ್ರೀ, ವಯಸ್ಸಾದೋರ್‌ನ ಹಿಂಗೆ ಓಡಿಸ್ತೀರಲ್ಲ, ಕರುಣೆ ಇಲ್ವಾ?” ಮಿಸ್ ಏದುಸಿರು ಬಿಡುತ್ತಿದ್ದರು. ಮುಂದಿನ ಗೇಮ್‌ನ ನಾಲ್ಕು ಚೆಂಡನ್ನೂ ಅವರ ಮಡಿಲಿಗೆ ಹಾಕಿದೆ. ಐದು-ನಾಲ್ಕು. ಇನ್ನೊಂದು ಗೇಮ್ ಗೆದ್ದರೆ ಮ್ಯಾಚ್ ಅವರದು.

ಜಾಗ ಬದಲಿಸುವಾಗ ಬೆಂಚಿನ ಮೇಲೆ ಮಿಸ್ ನನ್ನ ಪಕ್ಕದಲ್ಲೇ ಕೂತರು. ನೀರು ಕುಡಿದು ಕೇಳಿದರು:

“ಯಾಕೆ ನಿಲ್ಲಿಸ್ದೆ?”

“ಸುಸ್ತಾಗಿದೀರ ಮಿಸ್...”

“ಇಷ್ಟು ವರ್ಷದಲ್ಲಿ ನನ್ನ ಯಾರೂ ಹಿಂಗೆ ಓಡಿಸಿರ್ಲಿಲ್ಲ ಕಣೇ. ಎಲ್ರೂ ಕೈಗೇ ತಂದು ಕೊಡ್ತಿದ್ರು, ಅಲ್ವಾ? ಇವತ್ತು ಗೊತ್ತಾಯ್ತು ನಂಗೆ. ನಾನು ಚೆನ್ನಾಗಿ ಆಡ್ತೀನಿ ಅನ್ಕೊಂಡಿದ್ದೆ.”

ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ನಮ್ಮೆಲ್ಲರ ಮರ್ಯಾದೆ ಸೇರಿ ಅವರಿಗೆ ಎಂಥ ಅವಮಾನ ಮಾಡಿತ್ತು! ಅವರು ಎದ್ದು ವೇಲ್ ಇನ್ನಷ್ಟು ಬಿಗಿದರು. “ಇನ್ನೊಂದು ಬಾಲ್ ಕೈಗೆ ಕೊಟ್ರೆ ರ‍್ಯಾಕೆಟ್ ಕೆಳಗಿಟ್ಟು ಹೋಗ್ಬಿಡ್ತೀನಿ. ಓಡಿಸು.”

ಓಡಿಸಿದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಆಡಿರಲಿಲ್ಲ. ಐದು-ಐದು ಮಾಡಿದೆ. ಗೆಲ್ಲಬೇಕೆಂದೇ ಆಡುತ್ತಿದ್ದೆ, ಕರುಣೆ ಗಿರುಣೆ ಏನೂ ಉಳಿದಿರಲಿಲ್ಲ. ಆಮೇಲೆ ನಾನು ಎಡಕ್ಕೆ ಎರಡನೆಯ ಚೆಂಡು ಕಳಿಸಿದಾಗ, ಮಿಸ್ ಹಿಂದೆ ನಿಂತು ಕಾಯಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು, ಅದು ಮೇಲೇಳುವ ಮೊದಲೇ ರ‍್ಯಾಕೆಟ್‌ನಲ್ಲಿ ತಡೆದು, ನನ್ನ ಕಡೆಯ ನೆಟ್ ಪಕ್ಕಕ್ಕೇ ಮೆತ್ತಗೆ ಇಳಿಸಿದರು. ಈಗ ಓಡುವ ಸರದಿ ನನ್ನದು. ಓಡಿದೆ, ಸಿಗಲಿಲ್ಲ. ನನ್ನ ಲೆಕ್ಕವನ್ನು ಅವರು ಬಿಡಿಸಿಬಿಟ್ಟಿದ್ದರು. ನಾನು ಮೂಲೆ ಬದಲಿಸಿದೆ, ಎತ್ತರ ಬದಲಿಸಿದೆ, ನನಗೆ ಗೊತ್ತಿದ್ದುದನ್ನೆಲ್ಲ ಮಾಡಿದೆ. ಏಳು-ಐದು.

ಕೈ ಕುಲುಕಲು ನೆಟ್ ಹತ್ತಿರ ಹೋದೆ. ಇಬ್ಬರಿಗೂ ಏದುಸಿರು ನಿಂತಿರಲಿಲ್ಲ. ಸೋತಿದ್ದಕ್ಕೆ ಅಳು ಬರುತ್ತಿತ್ತು, ಅದನ್ನು ಮುಚ್ಚಿಡಲಿಲ್ಲ. ಮಿಸ್ ನನ್ನ ಕೈ ಹಿಡಿದವರು ಬಿಡದೆ, ನನಗಷ್ಟೇ ಕೇಳುವಂತೆ ಹೇಳಿದರು:

“ಇದೊಂದು ನಂದೇ ಕಣೇ.”